ಹುಳವಿಲ್ಲದ ಬದನೆಕಾಯಿ

ಕೊಣ್ಣೂರು, ೧೬ ನವೆಂಬರ್, ರವಿವಾರ

ಶಾಲೆಯ ಪದ್ಮಶ್ರೀ ಅಕ್ಕೋರ ನಗು ಕಣ್ಣ ಮುಂದಿನಿಂದ ಸರಿಯುತ್ತಿಲ್ಲ.

ನರಗುಂದದ ಪೇಟೆಯಲ್ಲಿ ಬೆಳಿಗ್ಗೆಯಿಂದ ನನ್ನ ಬದನೆಕಾಯಿಯನ್ನು ಯಾರೂ ಮುಟ್ಟಲಿಲ್ಲ. ಹುಳವಿಲ್ಲದ ಬದನೆಕಾಯಿ ಕುಲಾಂತರಿ ಬೀಜದ್ದು, ತಿನ್ನಬೇಡಿ ಎಂದು ಎಲ್ಲರ ಮೊಬೈಲಿಗೂ ಮೆಸೇಜು ಬಂದಿದೆಯಂತೆ. ಅಕ್ಕೋರು ಒಂದು ಕಾಯಿ ಮುರಿದು ನೋಡಿ, ಎಲ್ಲರೆದುರೇ ಕೇಳಿಬಿಟ್ಟರು.

"ಖರೇ ಹೇಳ ಸುವರ್ಣಾ. ಒಂದರಾಗೂ ಹುಳ ಇಲ್ಲಲ್ಲ, ಇದು ಅದ ಬೀಜದ್ದೇನ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಇಲ್ರೀ ಅಕ್ಕೋರ, ಬೀಜ ನಮ್ಮ ಮನೀದ. ನಿನ್ನಿ ಸಂಜೀಕ ಹುಳ ಸಾಯೂ ಎಣ್ಣಿ ಹೊಡದೀವ್ರಿ. ವಾರಕ್ಕ ಎರಡ ಸಲ ಹೊಡೀತೀವಿ."

ಈಗ ಬೈಗುಳ ಬೀಳುತ್ತದೆಂದು ತಲೆ ತಗ್ಗಿಸಿದೆ.

"ಅಷ್ಟ ಹೌದಲ್ಲ? ನಾ ಎಷ್ಟ ಅಂಜಿದ್ದೆ ನೋಡು!" ಎಂದು ನಕ್ಕರು. "ಮಗಳು ಬಸುರಿ, ಎಣಗಾಯಿ ಬಯಸ್ಯಾಳ. ಎರಡ ಕಿಲೋ ತೂಗವಾ."

ಉಳಿದವರೂ ಮುಗಿಬಿದ್ದರು. ಗಳಿಗೆಯಲ್ಲಿ ಬುಟ್ಟಿ ಖಾಲಿ. "ಚಲೋತಂಗ ತೊಳೀರಿ" ಎಂದು ಕೂಗಿದೆ. ಆ ಗದ್ದಲದಲ್ಲಿ ಅಕ್ಕೋರಿಗೆ ಕೇಳಿಸಿತೋ ಇಲ್ಲವೋ.

ನಮ್ಮಲ್ಲೂ ಇವತ್ತು ಎಣಗಾಯಿಯೇ. ಮನೆಗೆಂದು ಎಣ್ಣಿ ಹೊಡೆಯದೆ ಬಿಟ್ಟ ಸಾಲಿನ ಕಾಯಿ. ನಾಲ್ಕರಲ್ಲಿ ಹುಳ ಇದ್ದವು. ತೆಗೆದು ಒಗೆದು, ನೆಮ್ಮದಿಯಿಂದ ಮಕ್ಕಳಿಗೆ ಬಡಿಸಿದೆ.