ಬಾಡ್ ಗಾಸ್ಟೈನಿನ ಮನೆಗೆ ಹೂ ಕೇಳಿದ್ದು

ಜನವರಿ 6, 2025. ಸೋಮವಾರ. ಮದ್ದೂರು

ಅಕ್ಕಿರೊಟ್ಟಿ ತಟ್ಟುತ್ತಾ ಮತ್ತೆ ಮನೆ ಮಾರೋ ಅದೇ ವೆಬ್‌ಸೈಟ್. ಹಿಟ್ಟಿನ ಬೆರಳಲ್ಲೇ ಫೋಟೋ ದೊಡ್ಡದು ಮಾಡಿದೆ. ಸ್ಕ್ರೀನೆಲ್ಲಾ ಬೆಳ್ಳಗೆ. ಒಂದು ರೊಟ್ಟಿ ಸೀದು ಹೋಯಿತು.

ಮೂರು ಊರು ಉಳಿದಿವೆ. ಫ್ರಾನ್ಸಿನ ಶಮೋನಿ. ಆಸ್ಟ್ರಿಯಾದ ಜೆಲ್ ಆಮ್ ಜೇ, ಬಾಡ್ ಗಾಸ್ಟೈನ್. ಮೂರೂ ಆಲ್ಪ್ಸ್ ಬೆಟ್ಟದ ಸ್ಕೀ ಊರುಗಳು. ನನಗೆ ಬೇಕಿರೋದು ಒಂದು ರೂಮು, ಒಂದು ಅಡುಗೆಮನೆ, ಹಿಮ ಕಾಣೋ ಒಂದು ಬಾಲ್ಕನಿ. ಹದಿನಾಲ್ಕು ವರ್ಷ ಆಸ್ಟ್ರಿಯಾದಲ್ಲಿ ನರ್ಸಾಗಿ, ಸ್ಕೀ ಮಾಡಲು ಹೋಗಿ ಕಾಲು ಮುರಿದುಕೊಂಡವರ ಆರೈಕೆ ಮಾಡಿ ದುಡಿದಿದ್ದೇನೆ. ಅಷ್ಟು ಆಗುತ್ತೆ.

ಟಿಲ್ಲರ್ ರಿಪೇರಿ ಅಂಗಡಿಗೆ ಹೊರಟಿದ್ದ ನನ್ನ ಗಂಡ ಹಿಂದೆ ಬಂದು ನಿಂತು ಇಣುಕಿದರು.

"ಜಾರಕ್ಕೆ ಅಷ್ಟು ದೂರ ಓಗ್ಬೇಕೇನೆ ವೀಣ? ನಾಟಿ ಟೈಮಲ್ಲಿ ಕೆರಗೋಡಿನ ಗದ್ದೆ ಬದೀಗ್ ಬಾ. ಪುಕ್ಕಟೆ ಜಾರ್ಬೋದು."

ನಗು ಬಂತು. ಮೈಯೂ ಉರಿಯಿತು.

ಜನವರಿ 9. ಸಂಜೆ

ಕೂತಲ್ಲಿ ಕೂರಲಾಗುತ್ತಿಲ್ಲ. ವೈದ್ಯನಾಥಪುರದವರೆಗೆ ನಡೆದೆ. ದೇವಸ್ಥಾನದ ಒಳಗೂ ಹೋಗದೆ, ಹೊಳೆ ಕಡೆಗೂ ಇಳಿಯದೆ, ಹೋದ ದಾರಿಯಲ್ಲೇ ವಾಪಸ್. ಎದುರುಮನೆ ಸೋಮಮ್ಮ ಗೇಟಿನಲ್ಲೇ ಹಿಡಿದಳು.

"ಅದ್ಯಾವ್ದೋ ಐಸ್ ಊರಲ್ಲಿ ಮನೆ ತಗೋತೀಯಂತೆ? ಇಷ್ಟ್ ವರ್ಸ ಅಲ್ಲಿದ್ದು ಸಾಕಾಗ್ನಿಲ್ವಾ ಕಣಮ್ಮ? ಮಕ್ಳಾ ಮರೀನಾ, ಯಾರ್ಗೆ ಆ ಮನೆ?"

ನನಗೆ ಕಣ್ರೀ, ನನಗೆ! ಹೇಳಲಿಲ್ಲ. "ಸುಮ್ನೆ ನೋಡ್ತಿದೀನಿ" ಅಂದೆ.

ಸುಮ್ಮನೆ ಅಲ್ಲ. ಆಸ್ಟ್ರಿಯಾದ ಕಾಯಂ ವಾಸದ ಕಾರ್ಡ್ ನನ್ನ ಹತ್ತಿರ ಇದೆ. ವರ್ಷ ತುಂಬುವುದರೊಳಗೆ ವಾಪಸ್ ಹೋಗದಿದ್ದರೆ ಅದು ಹೋಯಿತು. ನಾನು ಊರಿಗೆ ಬಂದು ಏಪ್ರಿಲ್‌ಗೆ ಒಂದು ವರ್ಷ ತುಂಬುತ್ತೆ. ಆಮೇಲೆ ನಾನು ಬರೀ ಟೂರಿಸ್ಟು.

ಜನವರಿ 19. ಭಾನುವಾರ

ಏಜೆಂಟ್ ಮಾರ್ಕುಸ್ ಜೊತೆ ವಿಡಿಯೋ ಕಾಲ್. ಇವರೂ ಪಕ್ಕದಲ್ಲಿ ಕೂತರು, ಲುಂಗಿ ಸರಿಮಾಡಿಕೊಂಡು. ಗಾಸ್ಟೈನಿನ ಫ್ಲ್ಯಾಟು ತೋರಿಸಿದ. ಊರ ಮಧ್ಯದಲ್ಲೇ ಜಲಪಾತ ಇರೋ ಊರದು. ಇವರು ಕೇಳಿದ್ದು ಒಂದೇ.

"ಎದುರ್ಗೂ ಬೆಟ್ಟ, ಇಂದೆನೂ ಬೆಟ್ಟ. ಬಿಸ್ಲು ಯಾವಾಗ್ ಬತ್ತದೆ ಕೇಳು. ಬಟ್ಟೆ ಎಲ್ ಒಣ್ಗಾಕ್ತಾರೆ?"

ಚಳಿಗಾಲದಲ್ಲಿ ಮಧ್ಯಾಹ್ನ ಸ್ವಲ್ಪ ಹೊತ್ತು ಬರುತ್ತೆ ಅಂದ ಮಾರ್ಕುಸ್. ಕೆರಗೋಡಿನಲ್ಲಿ ಜಮೀನು ನೋಡೋವಾಗ ಮಾಡೋ ಹಾಗೇ ಇವರು ತಲೆ ಆಡಿಸಿದರು. ಒಪ್ಪಿದರೋ ಬಿಟ್ಟರೋ ಆ ದೇವರಿಗೇ ಗೊತ್ತು.

ಕೊನೆಗೆ ಮಾರ್ಕುಸ್ ಮುಖ್ಯವಾದ ಮಾತು ಹೇಳಿದ. ಆ ಫ್ಲ್ಯಾಟನ್ನು ರಜೆಮನೆ ಅಂತ ಕೊಡೋದಿಲ್ಲ. ವರ್ಷಪೂರ್ತಿ ಅಲ್ಲೇ ವಾಸ ಮಾಡೋರಿಗೆ ಮಾತ್ರ. ಶಮೋನಿಯದಾದರೆ ಬಂದು ಹೋಗಿ ಮಾಡಬಹುದು. ಜೆಲ್‌ನದು ಆಗಲೇ ಮಾರಾಟವಾಗಿದೆ.

ಇವರಿಗೆ ಎಲ್ಲಾ ಬಿಡಿಸಿ ಹೇಳಿದೆ. "ಹಾಗಾದರೆ ಶಮೋನಿನೇ ಸರಿ. ಬೇಸಿಗೇಲಿ ಇಬ್ರೂ ಹೋಗಿ ಇದ್ದು ಬರೋಣ" ಅಂದೆ. ನನ್ನ ದನಿ ನನಗೇ ಸುಳ್ಳು ಅನ್ನಿಸಿತು.

ಜನವರಿ 21. ಮಧ್ಯಾಹ್ನ

ಗಾಸ್ಟೈನಿನ ಫೋಟೋ ನೋಡುತ್ತಾ ಕೂತಿದ್ದೆ. ಊಟಕ್ಕೆ ಬಂದ ಇವರು ನೋಡಿಬಿಟ್ಟರು. ಮುದ್ದೆ ಮುರಿದು, ಉಪ್ಸಾರಿಗೆ ಅದ್ದಿ, ನಿಧಾನಕ್ಕೆ ನುಂಗಿ — ಆಮೇಲೆ ಮಾತು.

"ಶುಕ್ರವಾರ ಪಟ್ಟಲಮ್ಮನ ತಾವ ಓಗಿ ಹೂ ಕೇಳಣ. ಮನೆ ವಿಚಾರ ಅಂದ್ಮೇಲೆ ಮನೆದೇವ್ರನ್ನ ಕೇಳ್ದೆ ಮಾಡದಾ?"

ಆಲ್ಪ್ಸಿನ ಫ್ಲ್ಯಾಟಿಗೆ ಪಟ್ಟಲಮ್ಮನ ಹೂವು! ಮಾರ್ಕುಸ್‌ಗೆ ಹೇಳಿದರೆ ಎದೆ ಹಿಡಿದುಕೊಳ್ಳುತ್ತಾನೆ. ಆದರೂ ಹೂಂ ಅಂದೆ. ಯಾರಾದರೂ ನನ್ನ ಬದಲು ಹೇಳಿಬಿಡಲಿ ಅನ್ನಿಸಿತು.

ಜನವರಿ 24. ಶುಕ್ರವಾರ. ಮಳವಳ್ಳಿ ಬಸ್‌ಸ್ಟ್ಯಾಂಡು

ಬೆಳಕವಾಡಿ ಕಡೆಯ ಪಟ್ಟಲಮ್ಮನ ಗುಡಿಯಿಂದ ಈಗಷ್ಟೇ ವಾಪಸ್. ಇವರು ಕಬ್ಬಿನಹಾಲು ತರಲು ಹೋಗಿದ್ದಾರೆ. ಅಷ್ಟರಲ್ಲಿ ಬರೆದುಬಿಡಬೇಕು.

ಪೂಜಾರಿ ಮರಿಸಿದ್ದಯ್ಯ ಅಮ್ಮನ ಎರಡೂ ಹೆಗಲಿಗೆ ಒದ್ದೆ ಹೂ ಸಿಕ್ಕಿಸಿದರು. ಬಲಗಡೆಯದು ಬಿದ್ದರೆ ಹೂಂ. ಎಡಗಡೆಯದು ಬಿದ್ದರೆ ಬೇಡ. ಕೇಳುವವರು ಬಾಯಿ ಬಿಡುವಂತಿಲ್ಲ, ಮನಸ್ಸಿನಲ್ಲೇ ಕೇಳಬೇಕು. ಮನೆಯ ಯಜಮಾನ ಅಂತ ಇವರು ನಿಂತರು. ಕಣ್ಣು ಮುಚ್ಚಿ, ಕೈ ಮುಗಿದು. ನಾನೂ ಒಳಗೊಳಗೇ ಬೇಡಿಕೊಂಡೆ. ಬಲಕ್ಕೆ ತಾಯಿ, ಬಲಕ್ಕೆ...

ಎಡಕ್ಕೆ ಬಿತ್ತು.

"ಆಯ್ತು ಬುಡು" ಅಂದರು, ಅಷ್ಟೇ. ಇವರ ಕಣ್ಣಲ್ಲಿ ನೀರಿತ್ತು. ನಾನು ಹೊರಗೆ ಬಂದು ಹುಣಸೇಮರದ ಕೆಳಗೆ ನಿಂತೆ. ನಂಬದವಳು ನಾನು. ಆದರೂ ಇನ್ನೊಂದು ಸಲ ಕೇಳಿಸಲಾ ಅಂತ ಒಳಗೆ ಇಣುಕಿದೆ.

ಜನವರಿ 25

ಬೇಡ ಅಂತ ಮಾರ್ಕುಸ್‌ಗೆ ಬರೆದೆ. ಎರಡೂ ಬೇಡ. ಕಾರಣ ಬರೆಯಲಿಲ್ಲ. ಏನಂತ ಬರೆಯೋದು, ಹೂವು ಎಡಕ್ಕೆ ಬಿತ್ತು ಅಂತಲಾ?

ಫೆಬ್ರವರಿ 16. ಭಾನುವಾರ

ಇಷ್ಟು ದಿನ ಬರೆಯಲಿಲ್ಲ. ಉಪ್ಪಿನಕಾಯಿ ಹಾಕಿದೆ. ಕಿಟಕಿ ಪರದೆ ಒಗೆದೆ. ಮೇಲಿನ ರೂಮಿಗೆ ಬಣ್ಣ ಹೊಡೆಸಿದೆ. ನೀಲಿ ಬಣ್ಣ. ಥೂ, ಚೆನ್ನಾಗಿಲ್ಲ. ಇವರು ಮಾತ್ರ ಹಬ್ಬ ಬಂದಂತೆ ಓಡಾಡುತ್ತಿದ್ದರು. ದಿನಾ ಹೂವು, ದಿನಾ ಮದ್ದೂರು ವಡೆ ಕಟ್ಟಿಸಿಕೊಂಡು ಬರೋದು.

ಇವತ್ತು ಸಿಡಿದೆ. ಕಾರಣ ದೊಡ್ಡದಲ್ಲ, ಫ್ಯಾನಿನ ಕಿರಕಿರ. "ನಿಮ್ಮ ದೇವರು ಬೇಡ ಅಂದಳು, ಬಾಯಿ ಮುಚ್ಕೊಂಡು ಬಿದ್ದಿದೀನಿ. ಒಂದು ಫ್ಯಾನ್ ರಿಪೇರಿ ಮಾಡಕ್ಕೂ ಆಗಲ್ವಾ?" ಅಂದೆ.

ಇವರು ಸ್ಪ್ಯಾನರ್ ಕೆಳಗಿಟ್ಟರು. "ಏನ್ ಬ್ಯಾಡ ಅಂದ್ಲು?"

"ಗಾಸ್ಟೈನ್ ಮನೆ!"

"ಮನೆ ವಿಚಾರ ಯಾರ್ ಕೇಳುದ್ರು?"

"ನೀವೇ ಅಲ್ವಾ?" ಅಂದೆ.

"ಇವ್ಳ್ ಮನ್ಸು ಅಲ್ಲೇ ಅದೆ, ತಡೀಲಾ ತಾಯಿ, ಅಂತ ಕೇಳ್ದೆ. ಎಡಕ್ಕೆ ಕೊಟ್ಲು. ತಡೀಬ್ಯಾಡ ಅಂದ್ಲು. ನಾನ್ ತಡೀನಿಲ್ಲ. ನೀನೇ ಸುಮ್ನಾದೆ. ಇಲ್ಲೇ ಇರಕ್ಕೆ ಮನ್ಸಾಯ್ತೇನೋ ಅಂದ್ಕಂಡೆ... ಕುಸಿಯಾಗಿದ್ದೆ ಕಣೆ."

ಅಯ್ಯೋ ದೇವರೇ. ಆ ವಡೆ, ಆ ಹೂವು ಎಲ್ಲಾ ಅದಕ್ಕೆ! ಅತ್ತೆ. ಬೈದೆ. ಮತ್ತೆ ಅತ್ತೆ. ಇವರು ಅಡ್ಡ ಬಂದಿದ್ದರೆ ಜಗಳ ಆಡಿಕೊಂಡು ಹೊರಟುಬಿಡುತ್ತಿದ್ದೆ. ಅದು ಸುಲಭ. ಈಗ ಅಡ್ಡ ಯಾರೂ ಇಲ್ಲ.

"ನೀವೂ ಬನ್ನಿ, ಅಲ್ಲೇ ಇರೋಣ" ಅಂದೆ. ಬಾಯಿಗೆ ಬಂತು, ಅಂದೆ. ಇವರು ಕೆಳಗಿಟ್ಟ ಸ್ಪ್ಯಾನರ್ ಎತ್ತಿ ಒರೆಸಿದರು.

"ಬತ್ತೀನಿ ಬುಡು. ಐಸ್ ತಳ್ಳೋ ಮಿಷಿನ್ ಇರ್ತವಲ್ಲ ಅಲ್ಲಿ? ಅದ್ಕೂ ಇಂಜಿನ್ನೇ ತಾನೆ."

ಫೆಬ್ರವರಿ 17

ಮಾರ್ಕುಸ್‌ಗೆ ಬರೆದೆ. ಗಾಸ್ಟೈನಿನ ಫ್ಲ್ಯಾಟು ಇನ್ನೂ ಹೋಗಿಲ್ಲವಂತೆ. ನಾಳೆ ಫೋನ್ ಮಾಡುತ್ತಾನೆ.

ಇವರು ಟಿಲ್ಲರ್ ಅಂಗಡಿ ನಡೆಸಿಕೋ ಅಂತ ಕೆಲಸದ ಹುಡುಗ ಅಂಬರೀಶನ ಹತ್ತಿರ ಮಾತಾಡಿ ಬಂದರಂತೆ. ಇಪ್ಪತ್ತೆರಡು ವರ್ಷದ ಅಂಗಡಿ! ಇಷ್ಟು ಬೇಗ ಯಾಕೆ? ಖುಷಿಯಾಗಬೇಕಿತ್ತು ನನಗೆ. ಕಣ್ಣು ಮುಚ್ಚಿದರೆ ಆ ಬಾಲ್ಕನಿ ಕಾಣುತ್ತೆ. ಒಂದು ಕುರ್ಚಿ ಇರುತ್ತೆ. ಎರಡನೆಯದು ಹಾಕಿ ನೋಡಿದೆ. ಜಾಗ ಇದೆ. ಆದರೂ ಮತ್ತೆ ತೆಗೆದಿಟ್ಟೆ. ಯಾಕೆ ಹೀಗೆ ನಾನು?

ಫೆಬ್ರವರಿ 18. ಮಂಗಳವಾರ. ಮಧ್ಯಾಹ್ನ ಮೂರು

ಆಗಿ ಅರ್ಧ ಗಂಟೆಯೂ ಆಗಿಲ್ಲ.

ಊಟ ಆದ ಮೇಲೆ ಮಾರ್ಕುಸ್ ಫೋನ್ ಮಾಡಿದ. ಇವರು ಬೆಳಿಗ್ಗೆ ಮಂಡ್ಯಕ್ಕೆ ಹೋಗಿ ಸ್ವೆಟರ್ ತಂದಿದ್ದರು. ಮರೂನ್ ಬಣ್ಣದ್ದು, ದಪ್ಪನೆಯದು. ಈ ಬಿಸಿಲಲ್ಲೂ ಹಾಕಿಕೊಂಡು ನನಗೆ ತೋರಿಸಲು ಬಾಗಿಲಲ್ಲಿ ನಿಂತಿದ್ದರು. ತೋಳು ಉದ್ದ ಆಗಿತ್ತು. ಹಣೆ ತುಂಬಾ ಬೆವರು, ಮುಖ ತುಂಬಾ ನಗು.

ಮಾರ್ಕುಸ್ ಜರ್ಮನ್‌ನಲ್ಲಿ ಕೇಳಿದ — ಆ ಮನೆಯಲ್ಲಿ ವಾಸ ಮಾಡೋರು ಎಷ್ಟು ಜನ?

ಯೋಚನೆ ಮಾಡಲಿಲ್ಲ. ಸತ್ಯವಾಗಿಯೂ ಮಾಡಲಿಲ್ಲ. ಒಬ್ಬಳು ಅಂದೆ. ಅವನಿಗೆ ಸರಿಯಾಗಿ ಕೇಳಿಸಲಿಲ್ಲ, ಮತ್ತೆ ಕೇಳಿದ. ಮತ್ತೆ ಅಂದೆ, ಜೋರಾಗಿ. ಮಾತಿನ ಜೊತೆ ಕೈಯೂ ಎದ್ದಿತ್ತು. ಒಂದೇ ಬೆರಳು.

ಇವರಿಗೆ ಜರ್ಮನ್ ಬರೋದಿಲ್ಲ. ಬೆರಳು ನೋಡಿದರು.

"ಸೆಕೆ ಕಣೆ" ಅಂತ ಸ್ವೆಟರ್ ಬಿಚ್ಚಿದರು. ಮಡಿಸಿದರು, ಅಂಗಡಿಯವರು ಮಡಿಸೋ ಹಾಗೆ, ತೋಳು ಒಳಗೆ ಸೇರಿಸಿ. ಕವರಿಗೆ ಹಾಕಿ ಜಗಲಿಗೆ ಹೋಗಿ ಕೂತಿದ್ದಾರೆ. ಅಂಬರೀಶನಿಗೆ ಫೋನ್ ಮಾಡುತ್ತಿರೋದು ಇಲ್ಲಿಗೆ ಕೇಳುತ್ತಿದೆ. "ಅಂಗ್ಡಿ ವಿಚಾರ ಆಮೇಲ್ ನೋಡಣ ಕಣ್ಲಾ."

ಎದ್ದು ಹೋಗಿ ಹೇಳಬೇಕು. ಬಾಯಿ ತಪ್ಪಿ ಬಂತು ಅಂತ ಹೇಳಬೇಕು. ಆದರೆ ಅದು ಬಾಯಿ ತಪ್ಪಿ ಬಂದ ಮಾತಲ್ಲ.