ಕಾಲುಗಳು ತುಂಬಿದ ಪೆಟ್ಟಿಗೆ

ಮನೆಯಿಂದ, ನನ್ನ ಕೋಣೆಯ ಕಿಟಕಿ ಪಕ್ಕ,
ಬುಧವಾರ ಮಧ್ಯಾಹ್ನ

ಪ್ರೀತಿಯ ಸೊಸೆ ಮಗಳೇ,

ಹೇಗಿದ್ದೀಯಾ? ಬೆನ್ನುನೋವು ಕಡಿಮೆಯಾಯಿತೇ? ಬಗ್ಗಿ ಕೂತು ಬೂಟಿನ ಚರ್ಮ ಕತ್ತರಿಸಬೇಡ, ಮೇಜು ಎತ್ತರಿಸಿಕೋ ಎಂದು ಎಷ್ಟು ಬಡಿದುಕೊಂಡರೂ ನೀನು ಕೇಳಿದವಳಲ್ಲ. ಈಗ ಅಕ್ಕನ ಮನೆಯಲ್ಲಿ ಹೇಳುವವರೂ ಇಲ್ಲ, ಇನ್ನಷ್ಟು ಬಗ್ಗಿರುತ್ತೀ. ನಿನ್ನ ಅಕ್ಕನ ಮಂಡಿ ಹೇಗಿದೆ? ಆ ಮನೆಯ ಮೆಟ್ಟಿಲು ಕಡಿದಾಗಿದೆ, ಇಳಿಯುವಾಗ ಕಂಬಿ ಹಿಡಿದುಕೊಳ್ಳಲು ಹೇಳು. ನಾನು ಚೆನ್ನಾಗಿದ್ದೇನೆ. ಬಿಪಿ ಮಾತ್ರೆ ತಪ್ಪದೆ ನುಂಗುತ್ತಿದ್ದೇನೆ; ಕೆಲವು ಸಲ ನುಂಗಿದೆನೋ ಇಲ್ಲವೋ ಎಂದು ಮರೆತು ಖಾಲಿ ಲೋಟ ಹಿಡಿದು ಪೆದ್ದಿಯ ಹಾಗೆ ನಿಂತಿರುತ್ತೇನೆ, ಅಷ್ಟೇ. ಫೋನು ಇರುವಾಗ ಈ ಮುದುಕಿಗೆ ಕಾಗದ ಯಾಕೆ ಬೇಕಾಯಿತು ಎಂದುಕೊಳ್ಳಬೇಡ. ಫೋನಿನಲ್ಲಿ ನೀನು 'ಚೆನ್ನಾಗಿದ್ದೀನಿ ಅತ್ತೆ, ನೀವು?' ಎನ್ನುತ್ತೀ, ನಾನು 'ಚೆನ್ನಾಗಿದ್ದೀನಮ್ಮ' ಎನ್ನುತ್ತೇನೆ, ಆಮೇಲೆ ಇಬ್ಬರೂ ಒಬ್ಬರ ಉಸಿರು ಒಬ್ಬರು ಕೇಳಿಸಿಕೊಳ್ಳುತ್ತಾ ಕೂರುತ್ತೇವೆ. ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಪೆನ್ನು ಹಿಡಿದೆ.

ಮೊದಲು ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ನೀನು ವಾಪಸು ಬರಬೇಕು. ನನ್ನ ಮಗ ಕೇಳುವುದಿಲ್ಲ, ಅವನ ಬಾಯಿಗೆ ಬೀಗ ಬಿದ್ದಿದೆ. ಆದ್ದರಿಂದ ನಾನು ಕೇಳುತ್ತಿದ್ದೇನೆ. ನೀನು ಯಾಕೆ ಹೋದೆ ಎನ್ನುವುದು ನನಗೆ ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ. ನಿನಗೆ ಗೊತ್ತಿರುವುದನ್ನೇ ಇಲ್ಲಿ ತಿರುಗಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಾನು ತಿಳಿದುಕೊಂಡದ್ದು ಸರಿಯೋ ತಪ್ಪೋ ನೀನೇ ಹೇಳಬೇಕು. ನಿನ್ನ ಕಂಪ್ಯೂಟರು ಆಮೆಯಾಗಿದೆ, ಒಂದು ಪಾದದ ಚಿತ್ರ ತೆರೆಯುವಷ್ಟರಲ್ಲಿ ಗಿರಾಕಿ ನಿದ್ದೆ ಹೋಗುತ್ತಾರೆ ಎಂದು ನೀನು ಗೊಣಗುತ್ತಿದ್ದೆ. ನನ್ನ ಮಗ ನಿನಗೆ ಗೊತ್ತಾಗದ ಹಾಗೆ ಹೊಸ ಡಿಸ್ಕು ತಂದು, ನೀನು ಚರ್ಮದ ಅಂಗಡಿಗೆ ಹೋದಾಗ ಹಳೆಯದರಲ್ಲಿ ಇದ್ದುದನ್ನೆಲ್ಲ ಹೊಸದಕ್ಕೆ ಕಾಪಿ ಮಾಡಲು ಕೂತ. ಹಳೆಯದರಿಂದ ಹೊಸದಕ್ಕೆ ಹೋಗಬೇಕಾದ್ದು ಹೊಸದರಿಂದ ಹಳೆಯದಕ್ಕೆ ಹೋಯಿತು. ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಮೇಲೆ ಕಾಪಿ ಮಾಡಿದ ಮಹಾನುಭಾವ! ಎರಡೂ ಖಾಲಿ. ಖಾಲಿಯನ್ನೂ ಕಾಪಿ ಮಾಡಬಹುದು ಎನ್ನುವುದೇ ನನ್ನ ತಲೆಗೆ ಹೋಗುತ್ತಿಲ್ಲ. ಖಾಲಿ ಪಾತ್ರೆಯನ್ನು ತುಂಬಿದ ಪಾತ್ರೆಗೆ ಬಗ್ಗಿಸಿದರೆ ತುಂಬಿದ್ದು ಹೇಗೆ ಖಾಲಿಯಾಗುತ್ತದೆ, ನೀನೇ ಹೇಳು.

ಒಂದು ಕಾಲು ಚಿಕ್ಕದು ಒಂದು ದೊಡ್ಡದು ಇರುವವರು, ಪಾದ ಸೊಟ್ಟಗಿರುವವರು, ಬೆರಳಿಲ್ಲದವರು, ಎಲ್ಲರಿಗೂ ಹೊಂದುವ ಬೂಟು ಹೊಲಿಯಲೆಂದು ಸ್ಕ್ಯಾನರಿನ ಗಾಜಿನ ಮೇಲೆ ನಿಲ್ಲಿಸಿ ತೆಗೆದ ಪಾದದ ಅಚ್ಚುಗಳು, ಅವಕ್ಕೆ ನೀನು ಬರೆದ ಅಟ್ಟೆಯ ನಕ್ಷೆಗಳು, ಎಲ್ಲ ಹೋದವು. ನೀನು ಮದುವೆಯಾಗಿ ಬಂದಾಗಿನಿಂದ ಮಾಡಿದ ಕೆಲಸ ಅದು. ಹೋಯಿತು ಎಂದು ಅವತ್ತೇ ಹೇಳಿದ್ದರೆ ನೀನು ಕೂಗಾಡಿ, ಅತ್ತು, ಊಟ ಬಿಟ್ಟು, ಮಾರನೆಯ ದಿನ ಅಳತೆಪಟ್ಟಿ ಹಿಡಿದು ಶುರು ಮಾಡುತ್ತಿದ್ದೆ, ನನಗೆ ಗೊತ್ತು. ಆದರೆ ಇವನು 'ಹೊಸ ಡಿಸ್ಕು, ಸೆಟ್ ಆಗೋಕೆ ಟೈಮ್ ಬೇಕು, ಇವತ್ತು ಮುಟ್ಟಬೇಡ' ಎಂದು ದಿನ ತಳ್ಳಿದ. ನೀನು ನಂಬಿ, ಬಂದ ಗಿರಾಕಿಗಳಿಗೆ ನಾಳೆ ಬನ್ನಿ ಎಂದೆ. ಗುಟ್ಟು ಒಡೆದ ದಿನ ನೀನು ನನಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: 'ಕಾಲು ಹೋಗಿದ್ದಕ್ಕಲ್ಲ ಅತ್ತೆ, ದಿನಾ ಅವರು ನನ್ನ ಮುಖ ನೋಡ್ಕೊಂಡು ಸುಳ್ಳು ಹೇಳಿದ್ರಲ್ಲ, ಅದಕ್ಕೆ.' ಅದು ಹೊರಟುಹೋಗುವಷ್ಟು ದೊಡ್ಡದೇ? ಒಮ್ಮೊಮ್ಮೆ ಹೌದು ಅನಿಸುತ್ತದೆ, ಒಮ್ಮೊಮ್ಮೆ ಇಲ್ಲ ಅನಿಸುತ್ತದೆ. ಬೆಳಿಗ್ಗೆ ನಿನ್ನ ಪರ, ಸಂಜೆ ಅವನ ಪರ. ನನ್ನ ಮನಸ್ಸೇ ನನಗೆ ತಿಳಿಯುತ್ತಿಲ್ಲ.

ನೀನು ಹೋದ ಮೇಲೆ ಅವನು ಕಂಪ್ಯೂಟರು ಮುಟ್ಟಿಲ್ಲ. ಆಫೀಸಿನ ಕೆಲಸವನ್ನು ಆಫೀಸಿನಲ್ಲೇ ಮುಗಿಸಿ ಬಂದು ಮುಖ ಗಂಟು ಹಾಕಿಕೊಂಡು ಗೋಡೆ ನೋಡುತ್ತಾನೆ. ಹಜಾರದಲ್ಲಿರುವ ಆ ಮಿಣುಕು ದೀಪದ ಡಬ್ಬಿ, ಅದೇ ರೌಟರು, ಅದರ ದೀಪ ಹಸಿರಿದ್ದದ್ದು ಕೆಂಪಾದರೂ ತಿರುಗಿ ನೋಡುವುದಿಲ್ಲ. 'ನಾನು ಮುಟ್ಟಿದ್ರೆ ಇನ್ನೇನಾದ್ರೂ ಹೋಗುತ್ತೆ ಬಿಡಮ್ಮ' ಎನ್ನುತ್ತಾನೆ. ಹೀಗಾಗಿ ಮನೆಯ ಕಂಪ್ಯೂಟರುಗಳ ಯಜಮಾನಿಕೆ ನನ್ನ ತಲೆಗೆ ಬಂತು. ನಗಬೇಡ! ಕೆಂಪು ದೀಪ ಬಂದರೆ ಪ್ಲಗ್ಗು ಕಿತ್ತು, ಒಂದು ಲೋಟ ಚಹಾ ಕುಡಿದು, ತಿರುಗಿ ಹಾಕುತ್ತೇನೆ, ಹಸಿರಾಗುತ್ತದೆ. ಯಾಕೆ ಆಗುತ್ತದೆ ಎಂದು ಕೇಳಬೇಡ, ಚಹಾ ಕುಡಿಯದೆ ಹಾಕಿದರೆ ಆಗುವುದಿಲ್ಲ. ನೀನು ವೈರುಗಳಿಗೆ ಕಟ್ಟಿದ ಹೊಲಿಗೆ ದಾರಗಳು ಹಾಗೇ ಇವೆ: ಕೆಂಪು ದಾರದ್ದು ನಿನ್ನ ಕೆಲಸದ ಕೋಣೆಗೆ, ನೀಲಿ ಅವನ ಮೇಜಿಗೆ, ಹಳದಿ ನನ್ನ ಕೋಣೆಯ ಹಳೇ ಪೆಟ್ಟಿಗೆಗೆ. ಧೂಳು ಒರೆಸುವಾಗ ಆ ಗಂಟುಗಳನ್ನು ನೋಡಿದರೆ ನೀನೇ ಕಣ್ಣೆದುರು ಕೂತ ಹಾಗೆ ಆಗುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ, ನಿಧಾನವಾಗಿ ಓದು. ನನ್ನ ಪೆಟ್ಟಿಗೆ, ಅಂದರೆ ನೀನು ಹೊಸದು ಕೊಂಡಾಗ ನನಗೆ ಇಸ್ಪೀಟು ಆಡಲೆಂದು ಕೊಟ್ಟ ಆ ಹಳೇ ಕಂಪ್ಯೂಟರು, ಮೊನ್ನೆ ಹಟ ಹಿಡಿಯಿತು. ನನ್ನ ತಂಗಿ ಕೊಟ್ಟ ಹಳೇ ಫೋಟೋಗಳನ್ನು ಅದಕ್ಕೆ ಹಾಕಲು ಹೋದರೆ 'ಜಾಗ ಸಾಲದು' ಎಂದು ಬಂತು. ಅಲ್ಲ, ನಾನು ಇಸ್ಪೀಟು ಬಿಟ್ಟು ಬೇರೆ ಏನೂ ಮಾಡಿಲ್ಲ, ಎಲೆಗಳು ಅಷ್ಟು ಜಾಗ ತಿನ್ನುತ್ತವೆಯೇ? ರಿಪೇರಿಯವನನ್ನು ಕರೆಸಿದೆ. ಗೊತ್ತಲ್ಲ, ಬಸ್ ನಿಲ್ದಾಣದ ಎದುರಿನವನು, ಮಾತೆತ್ತಿದರೆ 'ಅದೆಲ್ಲ ನಂಗೆ ಬಿಡಿ' ಎನ್ನುವವನು. ಬಂದವನೇ ಮುಚ್ಚಳ ಬಿಚ್ಚಿ, ಉಫ್ ಎಂದು ಊದಿ, ನನ್ನ ಹಾಸಿಗೆಯ ಮೇಲೆಲ್ಲ ಧೂಳು ಹಾರಿಸಿ, ಪರದೆಯಲ್ಲಿ ಏನೇನೋ ತೆರೆದು ನೋಡಿ ಕಣ್ಣು ಅಗಲಿಸಿದ. 'ಏನಮ್ಮಾ ಇದು, ಒಳಗೆಲ್ಲಾ ಬರೀ ಕಾಲುಗಳೇ ತುಂಬಿವೆ?' ಎಂದ. ನನಗೆ ತಲೆಬುಡ ತಿಳಿಯಲಿಲ್ಲ. ಕಾಲು ಎಲ್ಲಿಂದ ಬರಬೇಕು, ನಾನೇನು ಜರಿಹುಳ ಸಾಕಿದ್ದೇನೆಯೇ ಎಂದೆ. ಕನ್ನಡಕ ಹಾಕಿಕೊಂಡು ನೋಡಿದರೆ, ಮಗಳೇ, ನಿನ್ನ ಗಿರಾಕಿ ಬಸ್ ಡ್ರೈವರನ ಬಲಗಾಲು! ಹೆಬ್ಬೆರಳು ಆಚೆ ತಿರುಗಿದೆಯಲ್ಲ, ಅದೇ. ಅದರ ಕೆಳಗೆ ಟೀಚರಮ್ಮನದು. ಅದರ ಕೆಳಗೆ, ಕೆಳಗೆ, ಸಾಲು ಸಾಲಾಗಿ.

'ಅಳಿಸಿಬಿಡ್ಲಾ ಅಮ್ಮಾ, ಜಾಗ ಆಗುತ್ತೆ' ಎಂದ ಪುಣ್ಯಾತ್ಮ. ತಡಿಯಪ್ಪಾ, ಕೈ ತೆಗಿ ಎಂದೆ. ಅವನು ಕೈಯನ್ನೇನೋ ತೆಗೆದ, ಆದರೆ ಸುಮ್ಮನೆ ಕೂರುವ ಜಾತಿಯಲ್ಲ. ಬಗ್ಗಿ ನೋಡಿ, ನನ್ನ ಪೆಟ್ಟಿಗೆಯ ಹಿಂದೆ ಹಳದಿ ದಾರದ ವೈರು ಕಳಚಿ ಬಿದ್ದಿದ್ದನ್ನು ಕಂಡು, ಅದನ್ನು ಕೈಗೆತ್ತಿಕೊಂಡ. 'ಇದೇ ನೋಡಿ ತೊಂದರೆ, ನೆಟ್‌ವರ್ಕಿಂದ ಬಿಟ್ಟುಹೋಗಿದೆ' ಎಂದು ಸಿಕ್ಕಿಸಲು ಹೋದ. ಅಷ್ಟರಲ್ಲಿ ಆಫೀಸಿಗೆ ಹೊರಟಿದ್ದ ನಿನ್ನ ಗಂಡ ಬಾಗಿಲಲ್ಲಿ ಹಾದವನು ಪರದೆ ನೋಡಿದ. ಆ ಕಿರುಚು ಪಕ್ಕದ ಮನೆಗೂ ಕೇಳಿಸಿರಬೇಕು. 'ಸಿಕ್ಕಿಸಬೇಡ! ಸಿಕ್ಕಿಸಬೇಡ!' ಎಂದು ಓಡಿಬಂದು ಅವನ ಕೈಯಿಂದ ವೈರು ಕಿತ್ತುಕೊಂಡ. ಕಳ್ಳನ ಕೈಯಿಂದ ಸರ ಕಿತ್ತುಕೊಂಡ ಹಾಗೆ. ರಿಪೇರಿಯವನ ಮುಖ ಸಪ್ಪಗಾಯಿತು, ನನಗೆ ನಾಚಿಕೆಯಾಯಿತು.

ಆಮೇಲೆ ಇವನು ವಿವರಿಸಿದ್ದನ್ನು ನಾನು ಹೀಗೆ ಅರ್ಥ ಮಾಡಿಕೊಂಡೆ. ಒಂದು ಕೆಟ್ಟರೆ ಇನ್ನೊಂದರಲ್ಲಿ ಇರಲಿ ಎಂದು, ನಿನ್ನ ಕಂಪ್ಯೂಟರಿನಲ್ಲಿ ಇರುವುದೆಲ್ಲ ತಾನಾಗಿ ನನ್ನ ಪೆಟ್ಟಿಗೆಗೂ ಬಂದು ಕೂರುವ ಹಾಗೆ ನೀನೇ ಏರ್ಪಾಡು ಮಾಡಿದ್ದೆಯಂತೆ. ಆದರೆ ಅಲ್ಲಿ ತುಂಬಿದ್ದರೆ ಇಲ್ಲೂ ತುಂಬಿರುತ್ತದೆ, ಅಲ್ಲಿ ಅಳಿಸಿದರೆ ಇಲ್ಲೂ ಅಳಿಸುತ್ತದೆ. ಅದಕ್ಕೇ ಗುಟ್ಟು ಒಡೆದ ದಿನ ನೀನು ನನ್ನ ಬಾಗಿಲಲ್ಲಿ ನಿಂತು 'ಅತ್ತೆ, ನಿಮ್ಮ ಕಂಪ್ಯೂಟರ್ ಕಾಪಿ ಮಾಡಿದ ದಿನ ಆನ್ ಇತ್ತಾ?' ಎಂದು ಕೇಳಿದ್ದು. ಇತ್ತಮ್ಮ, ದಿನವಿಡೀ ಇಸ್ಪೀಟು ಆಡಿದೆ ಎಂದೆ ನಾನು. 'ಹಾಗಾದ್ರೆ ಇಲ್ಲೂ ಹೋಗಿರುತ್ತೆ' ಎಂದು ನೀನು ತಿರುಗಿ ಹೋದೆ, ಒಳಗೆ ಬಂದು ನೋಡಲೂ ಇಲ್ಲ. ಅಷ್ಟು ಬೇಸತ್ತಿದ್ದೆ ನೀನು. ಪೆಟ್ಟಿಗೆ ಆನ್ ಇದ್ದದ್ದು ನಿಜ. ಆದರೆ ವೈರು? ವೈರಿನ ಮಾತು ಯಾರೂ ಕೇಳಲಿಲ್ಲ. ಆ ಕಾಪಿಯ ದಿನ ಇವನು 'ಅಮ್ಮಾ, ಕಾಪಿ ಆಗ್ತಿದೆ, ಯಾರೂ ನೆಟ್ ಎಳೀಬೇಡಿ' ಎಂದು ಕೂಗಿದ್ದ. ಕೆಳಗಿನ ನಲ್ಲಿ ಬಿಟ್ಟರೆ ಮೇಲಿನ ನಲ್ಲಿ ಸಣ್ಣಗಾಗುತ್ತದಲ್ಲ, ಹಾಗೆ ನನ್ನ ಇಸ್ಪೀಟು ಅವನ ಕಾಪಿಗೆ ಅಡ್ಡಿಯಾದೀತು ಎಂದು ನಾನೇ ಬಗ್ಗಿ ಹಳದಿ ದಾರದ ವೈರು ಎಳೆದು ಹಾಕಿದ್ದೆ. ಇಸ್ಪೀಟಿಗೆ ವೈರೇ ಬೇಡವಂತೆ, ಅದು ನನಗೇನು ಗೊತ್ತು? ವೈರಿಲ್ಲದೆಯೂ ಎಲೆ ಬೀಳುತ್ತಿತ್ತು, ಹಾಗಾಗಿ ತಿರುಗಿ ಸಿಕ್ಕಿಸುವ ನೆನಪೇ ಬರಲಿಲ್ಲ. ಇಷ್ಟು ದಿನ ನಿನ್ನ ಗಿರಾಕಿಗಳೆಲ್ಲ ನನ್ನ ಕೋಣೆಯಲ್ಲಿ ನಿಂತಿದ್ದರು, ನಾನು ಅವರ ಮೇಲೆ ಇಸ್ಪೀಟು ಹರಡಿಕೊಂಡು ಕೂತಿದ್ದೆ.

ನಾನು ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ ನೀನೇ ಹೇಳು. ವೈರು ಕೀಳದಿದ್ದರೆ ಕಾಲುಗಳು ಉಳಿಯುತ್ತಿರಲಿಲ್ಲ. ಕಿತ್ತದ್ದನ್ನು ಅವತ್ತೇ ಹೇಳಿದ್ದರೆ ನೀನು ಹೋಗುತ್ತಿರಲಿಲ್ಲವೋ ಏನೋ. ಇಲ್ಲ, ನೀನು ಹೋದದ್ದು ಸುಳ್ಳಿಗೆ, ಕಾಲಿಗಲ್ಲ ಎಂದೆಯಲ್ಲ, ಹಾಗಾದರೆ ಹೇಗೂ ಹೋಗುತ್ತಿದ್ದೆ. ಯೋಚಿಸಿದಷ್ಟೂ ತಲೆ ಗಿರ್ರೆನ್ನುತ್ತದೆ. ಮಗನ ನಡವಳಿಕೆಯಂತೂ ಇನ್ನೂ ವಿಚಿತ್ರ. ನೆಲದ ಮೇಲೆ ಕೂತು ಒಂದೊಂದೇ ಪಾದ ತೆರೆದು ನೋಡುತ್ತಾ ಹೋದ. ಯಾರದು ಎಂದು ಅವನಿಗೆ ಎಲ್ಲವೂ ಗೊತ್ತು! 'ಇದು ಬ್ಯಾಂಕಿನ ವಾಚ್‌ಮನ್ನಂದು, ಇದಕ್ಕೆ ಅವಳು ಮೂರು ಸಲ ಅಟ್ಟೆ ಬದಲಾಯಿಸಿದ್ಲು' ಎಂದ. ಆಮೇಲೆ ಅತ್ತುಬಿಟ್ಟ, ದೊಡ್ಡ ಗಂಡಸು, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಸಿಕ್ಕಿದೆಯಲ್ಲೋ, ಈಗ ಯಾಕೆ ಅಳು ಎಂದರೆ ತೋಳಿನಲ್ಲಿ ಮುಖ ಒರೆಸಿಕೊಂಡು ಮುಂದಿನ ಪಾದ ತೆರೆದ. ರಿಪೇರಿಯವನು ಪಾಪ, ಬೈಸಿಕೊಂಡರೂ ಒಳ್ಳೆಯ ಮಾತಿನಲ್ಲಿ 'ಒಂದು ಪೆನ್‌ಡ್ರೈವಿಗೆ ಕಾಪಿ ಮಾಡ್ಕೊಡ್ತೀನಿ ಸಾರ್, ಈಗಲೇ ಆಗೋಗುತ್ತೆ' ಎಂದ. ಇವನು 'ಕಾಪಿ ಬೇಡ' ಎಂದ. 'ಹಾಗಾದ್ರೆ ನೀವೇ ಮಾಡ್ಕೊಳ್ಳಿ' ಎಂದ ರಿಪೇರಿಯವನು. 'ಕಾಪಿ ಅನ್ನೋ ಮಾತೇ ಎತ್ತಬೇಡಪ್ಪಾ' ಎಂದ ಇವನು. ಪೆಟ್ಟಿಗೆಯನ್ನು ಆರಿಸಿ, ಪ್ಲಗ್ಗು ಕಿತ್ತು, ಮೇಲೆ ಬಟ್ಟೆ ಮುಚ್ಚಿ, ನನ್ನನ್ನೂ ಮುಟ್ಟಬೇಡ ಎಂದಿದ್ದಾನೆ. ಅವಳಿಗೆ ಫೋನು ಮಾಡೋ ಎಂದರೆ 'ಏನಂತ ಹೇಳ್ಲಿ? ಮೊದಲೂ ಹೀಗೇ ಎಲ್ಲಾ ಸರಿಯಾಗಿದೆ ಅಂತ ಹೇಳಿದ್ದೆ, ಈಗಲೂ ಹಾಗೇ ಹೇಳಿದ್ರೆ ಯಾಕೆ ನಂಬ್ತಾಳೆ?' ಎನ್ನುತ್ತಾನೆ. ನೀನು ಅವನನ್ನು ನಂಬದಿದ್ದರೆ ಬೇಡ, ನನ್ನನ್ನು ನಂಬು. ಕಾಲುಗಳು ಇವೆ. ನಾನೇ ಕಣ್ಣಾರೆ ನೋಡಿದೆ.

ಬಸ್ ಡ್ರೈವರು ಎರಡು ಸಲ ಬಂದು ನಿನ್ನನ್ನು ಕೇಳಿಕೊಂಡು ಹೋದರು. ಹಳೇ ಬೂಟಿನ ಹಿಮ್ಮಡಿ ಸವೆದು, ಬ್ರೇಕು ಒತ್ತುವಾಗ ನೋಯುತ್ತದಂತೆ. ನಿನ್ನ ಕೋಣೆ ದಿನಾ ಗುಡಿಸುತ್ತೇನೆ, ಕತ್ತರಿಗಳನ್ನು ನೀನು ಇಟ್ಟ ಕ್ರಮದಲ್ಲೇ ಇಟ್ಟಿದ್ದೇನೆ. ಅಂಟಿನ ವಾಸನೆ ಹೋಗುತ್ತಾ ಬಂದಿದೆ, ಮೊದಲು ಅದಕ್ಕೆ ಮೂಗು ಮುಚ್ಚಿಕೊಳ್ಳುತ್ತಿದ್ದವಳು ಈಗ ಬಾಗಿಲು ತೆಗೆದು ಮೂಸಿ ನೋಡುತ್ತೇನೆ. ನಿನ್ನನ್ನು ನೋಡದೆ ನನಗೆ ಆಗುತ್ತಿಲ್ಲಮ್ಮ. ಇದಕ್ಕಿಂತ ಬೇರೆ ಹೇಗೆ ಹೇಳಬೇಕೋ ತಿಳಿಯದು.

ಅಕ್ಕನಿಗೆ ನನ್ನ ನೆನಪು ಹೇಳು, ಅವಳ ಮಂಡಿಗೆ ಬೇಗ ಬಲ ಬರಲಿ. ನಿನ್ನ ಕೈ, ಕಣ್ಣು, ಬೆನ್ನು ಗಟ್ಟಿಯಾಗಿರಲಿ ಎಂದು ಹರಸುವ,

ನಿನ್ನ ಅತ್ತೆ

ಮತ್ತೊಂದು ಮಾತು, ಅವಸರದಲ್ಲಿ: ಗುರುವಾರ ಬೆಳಿಗ್ಗೆ. ಅಂಟಿಸಿದ ಲಕೋಟೆ ಒಡೆದು ಬರೆಯುತ್ತಿದ್ದೇನೆ. ನಿನ್ನ ಗಂಡ ರಜೆ ಹಾಕಿ ಹೊರಟು ನಿಂತಿದ್ದಾನೆ. ಕಾಪಿ ಮಾಡಿಲ್ಲ, ಮಾಡುವ ಧೈರ್ಯವಿಲ್ಲವಂತೆ. ಇಡೀ ಪೆಟ್ಟಿಗೆಯನ್ನೇ ನನ್ನ ಶಾಲಿನಲ್ಲಿ ಸುತ್ತಿ ತರುತ್ತಿದ್ದಾನೆ. ಹಳದಿ ದಾರದ ವೈರು ಮಾತ್ರ ನನ್ನ ದಿಂಬಿನ ಕೆಳಗಿದೆ, ಯಾರೂ ಸಿಕ್ಕಿಸುವ ಹಾಗಿಲ್ಲ. ನಮ್ಮ ಡ್ರೈವರು ತಮ್ಮ ಬಸ್ಸಿನ ಮುಂದಿನ ಸೀಟು ಕೊಡುತ್ತಾರಂತೆ, ಆದರೂ ಇವನು ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಂದ ಇಳಿಸುವುದಿಲ್ಲ, ಬರೆದಿಟ್ಟುಕೋ. ಈ ಕಾಗದವೂ ಅವನ ಜೇಬಿನಲ್ಲೇ ಬರುತ್ತಿದೆ. ಮೊದಲು ಕಾಗದ ಕೊಡು, ಆಮೇಲೆ ಬಾಯಿ ತೆಗಿ ಎಂದಿದ್ದೇನೆ. ಅಂದರೆ ಇದನ್ನು ನೀನು ಓದುತ್ತಿರುವಾಗ ಅವನು ಆ ಕಡಿದಾದ ಮೆಟ್ಟಿಲು ಹತ್ತಿ, ಭಾರ ಹೊತ್ತು, ನಿನ್ನ ಎದುರಿಗೇ ನಿಂತಿದ್ದಾನೆ. ಬೈಯುವುದಿದ್ದರೆ ಆಮೇಲೆ ಬೈದುಕೋ, ನಾನು ಅಡ್ಡ ಬರುವುದಿಲ್ಲ. ಮೊದಲು ಅವನ ಕೈಯಿಂದ ಅದನ್ನು ಇಳಿಸಿಕೋ, ಮಗಳೇ.