ದಿವಾಳಿ ಅರ್ಜಿಗೆ ವಕೀಲರು ಬೇಡವೆಂದ ಕಚೇರಿಗೆ

ಬಡವರಿಗೆ ಪುಕ್ಕಟೆ ವಕೀಲರನ್ನು ಒದಗಿಸುವ ಕಚೇರಿಯ ಮಾನ್ಯರೇ,

ದಿವಾಳಿ ಅರ್ಜಿ ಹಾಕಲು ವಕೀಲರ ಅಗತ್ಯವಿಲ್ಲವೆಂದು ನಿಮ್ಮ ಕಚೇರಿ ನನ್ನನ್ನು ವಾಪಸ್ ಕಳಿಸಿತು. ಆ ಮಾತು ನಂಬಿ ಕೆಟ್ಟೆ. ಏನೂ ತಪ್ಪು ಮಾಡದ ನನ್ನ ತಂಗಿಯೂ ಈಗ ಕೋರ್ಟ್ ಮೆಟ್ಟಿಲು ಹತ್ತಬೇಕಾಗಿದೆ.

ನಾನು ಹೊಳಲ್ಕೆರೆಯಲ್ಲಿ ಹದಿನಾರು ವರ್ಷ ಶಾಲಾ ಮಕ್ಕಳ ಸಮವಸ್ತ್ರ ಹೊಲಿದವಳು. ಸಾಲ ಮಾಡಿ ನಾಲ್ಕು ಕರೆಂಟ್ ಮಿಷನ್ ಹಾಕಿದೆ, ಶಾಲೆಗಳು ರೆಡಿಮೇಡ್‌ಗೆ ತಿರುಗಿದವು. ಬಟ್ಟೆ ವ್ಯಾಪಾರಿಗೂ ಫೈನಾನ್ಸಿನವರಿಗೂ ತೀರಿಸುವ ದಾರಿ ಕಾಣದೆ, ಇರುವುದನ್ನು ಕೋರ್ಟಿಗೆ ಒಪ್ಪಿಸಿ ಕೈಮುಗಿಯೋಣವೆಂದು ಚಿತ್ರದುರ್ಗಕ್ಕೆ ಬಂದೆ. ಹೆಣ್ಣುಮಕ್ಕಳಿಗೆ ಆದಾಯ ಕೇಳದೆ ವಕೀಲರನ್ನು ಕೊಡುತ್ತೇವೆಂದು ನಿಮ್ಮ ಗೋಡೆಯ ಮೇಲೇ ದಪ್ಪ ಅಕ್ಷರಗಳಲ್ಲಿ ಬರೆದಿದೆ. ಅದರ ಕೆಳಗೇ ಕುಳಿತಿದ್ದ ಗುಮಾಸ್ತರು ಹೇಳಿದ್ದೇನು ಗೊತ್ತೇ? "ಕೈಯಾಗೆ ಏನೂ ಇಲ್ಲ ಅನ್ನಾಕೆ ವಕೀಲ್ರು ಯಾಕಮ್ಮ? ಒಂದು ಫಾರಂ ಐತೆ, ತುಂಬಿ ಕೊಡ್ರಿ, ಆತು." ಎಂಥ ಜ್ಞಾನ! ಹಾಗಾದರೆ ಸಾಲ ಕೊಟ್ಟವರು ಇಬ್ಬಿಬ್ಬರು ವಕೀಲರನ್ನು ಕರೆತಂದದ್ದೇಕೆ? ಅವರಿಗೆ ಯಾರೂ ಫಾರಂ ತೋರಿಸಲಿಲ್ಲವೇ?

ಫಾರಂ ನಾನೇ ತುಂಬಿದೆ. ನನ್ನ ತಂಗಿ ಬಸಮ್ಮನನ್ನು ಹರಿಯಬ್ಬೆ ಊರಿಗೆ ಮದುವೆ ಮಾಡಿ ಕೊಟ್ಟಿದೆ. ನನ್ನ ಕಷ್ಟ ನೋಡಲಾರದೆ ಅತ್ತೆಗೂ ಹೇಳದೆ ತನ್ನ ಚಿನ್ನದ ಬಳೆ ತಂದುಕೊಟ್ಟಿದ್ದಳು, ಅಡವಿಟ್ಟಿದ್ದೆ. ಅರ್ಜಿ ಹಾಕುವ ಒಂದು ತಿಂಗಳ ಮೊದಲು ಎರಡು ಮಿಷನ್ ಮಾರಿ, ಬಳೆ ಬಿಡಿಸಿ, ಅರಿಶಿನ ಕುಂಕುಮದ ಜೊತೆ ಅವಳ ಕೈಗಿಟ್ಟೆ. ಅಕ್ಕತಂಗಿಯರು ಕೊಟ್ಟು ತಗೊಂಡದ್ದನ್ನು ನಮ್ಮ ಕಡೆ ಯಾರೂ ಸಾಲವೆನ್ನುವುದಿಲ್ಲ. ಒಡಹುಟ್ಟಿದವಳ ಹೆಸರನ್ನು ಕೋರ್ಟಿನ ಕಾಗದದಲ್ಲಿ ಹೇಗೆ ಬರೆಯಲಿ? ಬರೆಯಲಿಲ್ಲ. ಮಾರಿದ ಮಿಷನ್‌ಗಳನ್ನೂ ಬರೆಯಲಿಲ್ಲ, ಅವು ನನ್ನವಲ್ಲವಲ್ಲ!

ವಿಚಾರಣೆಯ ದಿನ ವ್ಯಾಪಾರಿಯ ವಕೀಲರು, ಎರಡು ಮಿಷನ್ ಎಲ್ಲಿ ಹೋದವು ಎಂದರು. "ಮಾರಿ ತಂಗಿ ಬಳೆ ಬಿಡಿಸ್ಕೊಟ್ಟೆ ಸ್ವಾಮಿ, ಹೆಣ್ಮಗಳ ಒಡವೆ ಮುಳುಗಿಸಾಕೆ ಆಗ್ತೈತಾ?" ಎಂದೆ, ಹೆಮ್ಮೆಯಿಂದಲೇ. ಬೇರೆಯವರನ್ನು ಬಿಟ್ಟು ನೆಂಟರಿಗೆ ಆಸ್ತಿ ಸಾಗಿಸಿದ್ದಾಳೆ, ಅದನ್ನು ಮುಚ್ಚಿಟ್ಟಿದ್ದಾಳೆ ಎಂದು ಅವರು ವಾದ ಹೂಡಿದರು. ಅರ್ಜಿಗೆ ಮೊದಲು ಒಬ್ಬರದ್ದನ್ನು ಮಾತ್ರ ತೀರಿಸಿದರೆ ತಪ್ಪಾಗುತ್ತದೆಂದು ನನಗೇನು ಕನಸು ಬಿದ್ದಿತ್ತೇ? ನನ್ನ ಕಡೆಗೊಬ್ಬ ವಕೀಲರಿದ್ದಿದ್ದರೆ ಐದು ನಿಮಿಷದಲ್ಲಿ ಹೇಳುತ್ತಿದ್ದರು.

ಈಗ ಆ ಬಳೆಯ ಲೆಕ್ಕ ಕೇಳಿ ಬಸಮ್ಮನಿಗೆ ಕೋರ್ಟಿನ ನೋಟಿಸ್ ಹೋಗಿದೆ. ಅದನ್ನು ತೆಗೆದುಕೊಂಡವರು ಅವಳ ಅತ್ತೆ. "ನಿಮ್ಮಕ್ಕನ ಮನೆ ಉದ್ಧಾರ ಮಾಡಾಕೆ ನಮ್ಮನಿಗೆ ಬಂದ್ಯೇನೇ?" ಎಂದರಂತೆ. ನಾನು ಅತ್ತುಕೊಂಡು ನಿಮ್ಮ ಕಚೇರಿಗೆ ಓಡಿಬಂದರೆ ಅದೇ ಗುಮಾಸ್ತರು, "ಮೊದ್ಲೇ ವಕೀಲ್ರನ್ನ ಇಟ್ಕಂಡಿದ್ರೆ ಆಗ್ತಿತ್ತಲ್ಲಮ್ಮ" ಎಂದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ!

ಮುಂದಿನ ವಿಚಾರಣೆ ಹದಿನೆಂಟನೇ ತಾರೀಖು. ಅಷ್ಟರೊಳಗೆ ನನಗೊಬ್ಬ ವಕೀಲರನ್ನು ಗೊತ್ತುಮಾಡಿ. ನಾಳೆ ನನ್ನಂಥ ಇನ್ನೊಬ್ಬಳು ಬಂದರೆ ಫಾರಂ ಕೊಡುವ ಮೊದಲು ವಕೀಲರನ್ನು ಕೊಡಿ. ಉಳಿದೆರಡು ಮಿಷನ್ ಒಯ್ಯಲಿ, ನನ್ನ ತಕರಾರಿಲ್ಲ. ಆದರೆ ನಿನ್ನೆ ಬಸಮ್ಮ ಫೋನಿನಲ್ಲಿ, "ಅಕ್ಕ, ಬಳೆ ತಂದು ಜಡ್ಜ್ ಮುಂದೆ ಇಟ್ಬಿಡ್ತೀನಿ. ನಿನ್ನನ್ನ ಕಳ್ಳಿ ಅನ್ನೋದು ನಿಂತ್ರೆ ಸಾಕು" ಎಂದಳು. ಅವಳು ಹರಿಯಬ್ಬೆಯಲ್ಲಿ ಬಸ್ಸು ಹತ್ತುವ ಮೊದಲು, ಬಳೆ ಒಪ್ಪಿಸುವುದು ಬೇಡ ಎಂದು ಕಾನೂನು ತಿಳಿದು ಹೇಳಬಲ್ಲ ಒಬ್ಬ ವಕೀಲರು ನನ್ನ ಪಕ್ಕದಲ್ಲಿರಬೇಕು.

ಇಂತಿ,
ನೆಟ್ಟಗೆ ದಿವಾಳಿಯಾಗಲೂ ಬಾರದ
ಏಕಾಂತಮ್ಮ, ಹೊಳಲ್ಕೆರೆ